ಒಂದೇ ಅಣೆಕಟ್ಟು, ಎರಡು ಸುದ್ದಿ: ವಿದ್ಯಾರ್ಥಿಗಳಿಗೊಂದು ಪಾಠ

ಸುದ್ದಿಯನ್ನು ಪರೀಕ್ಷಿಸಿ ಓದಲು ಮಕ್ಕಳಿಗೆ ಕಲಿಸುವಾಗ ಸ್ವಂತ ಊರಿನ ಸುದ್ದಿಯಿಂದ ಶುರು ಮಾಡಿದರೆ ಕಷ್ಟ. ಅಲ್ಲಿ ಕೋಪ ಮೊದಲು ಬರುತ್ತದೆ, ಯೋಚನೆ ಆಮೇಲೆ. ದೂರದ ಊರಿನ ಜಗಳವಾದರೆ ತಲೆ ತಣ್ಣಗಿರುತ್ತದೆ. ಅದಕ್ಕೊಂದು ಒಳ್ಳೆಯ ಉದಾಹರಣೆ ಮುಲ್ಲಪೆರಿಯಾರ್.

1895ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟು ಇರುವುದು ಕೇರಳದ ಇಡುಕ್ಕಿಯಲ್ಲಿ, ನಿರ್ವಹಣೆ ತಮಿಳುನಾಡಿನದ್ದು. ತೇನಿ ಜಿಲ್ಲೆಯ ಕಂಬಂ ಕಣಿವೆಯ ಭತ್ತದ ಗದ್ದೆಗಳಿಗೆ ಇದೇ ನೀರು. ಕನ್ನಡ ಮನೆಮಾತಿನ ಕುಟುಂಬಗಳೂ ಇರುವ ಕಣಿವೆ ಅದು. ದಿಂಡಿಗಲ್, ಮಧುರೈ ಕಡೆಗೂ ನೀರು ಹರಿಯುತ್ತದೆ.

2014ರ ಮೇ 7ರಂದು ಸುಪ್ರೀಂ ಕೋರ್ಟ್ ನೀರನ್ನು 142 ಅಡಿವರೆಗೆ ನಿಲ್ಲಿಸಲು ಅವಕಾಶ ಕೊಟ್ಟಿತು. ಅದೇ ನವೆಂಬರಿನಲ್ಲಿ ನೀರು ಆ ಮಟ್ಟ ಮುಟ್ಟಿತು. ತೇನಿಯ ರೈತರಿಗೆ ಅದು ಸಂಭ್ರಮ, ಅಣೆಕಟ್ಟಿನ ಕೆಳಗಿನ ಇಡುಕ್ಕಿಯವರಿಗೆ ಆತಂಕ. ಸಂಖ್ಯೆ ಒಂದೇ, ಯಾರೂ ಸುಳ್ಳು ಹೇಳಬೇಕಾಗಿಯೇ ಇಲ್ಲ. ‘ರೈತರ ಜೀವನಾಡಿ’ ಎಂದರೆ ಒಂದು ಸುದ್ದಿ, ‘ತಲೆಯ ಮೇಲಿನ ಅಪಾಯ’ ಎಂದರೆ ಇನ್ನೊಂದು.

ಇದರ ಬೆಲೆ ತೆರುವವರು ಯಾರು? 2011ರ ನವೆಂಬರಿನಲ್ಲಿ ಅಣೆಕಟ್ಟು ಒಡೆಯುವ ಕಥೆಯ ‘ಡ್ಯಾಂ 999’ ಸಿನಿಮಾವನ್ನು ತಮಿಳುನಾಡು ನಿಷೇಧಿಸಿತು. ಡಿಸೆಂಬರಿನಲ್ಲಿ ಕುಮಿಳಿ–ಕಂಬಂ ಗಡಿಯಲ್ಲಿ ಗಲಾಟೆಯಾಗಿ ವಾಹನ ಸಂಚಾರ ನಿಂತಿತು. ತೇನಿಯಿಂದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ದಿನಾ ಹೋಗುವ ಕೂಲಿಯವರಿಗೆ ದಾರಿ ನಿಂತರೆ ದುಡಿಮೆಯೇ ನಿಂತಂತೆ.

ಎರಡೂ ಕಡೆಯ ವರದಿಗಳನ್ನು ಮಕ್ಕಳ ಮುಂದಿಟ್ಟು ನಾಲ್ಕು ಪ್ರಶ್ನೆ ಕೇಳಬೇಕು. ಹೇಳಿದವರು ಯಾರು? ಅವರು ಎಲ್ಲಿ ನಿಂತು ನೋಡಿದ್ದಾರೆ? ಯಾವುದು ಘಟನೆ, ಯಾವುದು ಅಭಿಪ್ರಾಯ? ಯಾರ ಮಾತು ಬಿಟ್ಟು ಹೋಗಿದೆ? ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಲದು, ಒಂದು ಪುಟ ಬರೆಸಬೇಕು. ಬರೆಯುವಾಗಲೇ ಗೊತ್ತಾಗುವುದು, ತಿಳಿದದ್ದೆಷ್ಟು, ಊಹಿಸಿದ್ದೆಷ್ಟು ಅಂತ.

ಇದು ಆಗದ ಕೆಲಸವೇನಲ್ಲ. ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ‘ಸತ್ಯಮೇವ ಜಯತೇ’ ಹೆಸರಿನಲ್ಲಿ ಸರಕಾರಿ ಶಾಲೆಗಳ ಮಕ್ಕಳಿಗೆ ಸುಳ್ಳು ಸುದ್ದಿ ಗುರುತಿಸುವ ಪಾಠ ನಡೆದಿತ್ತು. ಲಸಿಕೆ ಬಗ್ಗೆ ವಾಟ್ಸ್‌ಆ್ಯಪಿನಲ್ಲಿ ಹಬ್ಬಿದ ವದಂತಿಗಳೇ ಅದಕ್ಕೆ ಕಾರಣ.

ಆಮೇಲೆ ಅದೇ ನಾಲ್ಕು ಪ್ರಶ್ನೆಗಳನ್ನು ಕರಾವಳಿಯ ಸುದ್ದಿಗೂ ಕೇಳಬೇಕು. ಸಮುದಾಯವನ್ನು ದೂರುವ ಚಾನೆಲ್‌ಗೆ ಮಾತ್ರವಲ್ಲ, ಸಮುದಾಯದ ಗ್ರೂಪಿನಲ್ಲೇ ಬರುವ ಫಾರ್ವರ್ಡಿಗೂ ಕೇಳಬೇಕು. ಸುದ್ದಿ ಬಂದರೆ ವಿಚಾರಿಸಿ ನೋಡಿ, ಅರಿಯದೆ ಯಾರಿಗೂ ಹಾನಿ ಮಾಡಬೇಡಿ ಎಂಬುದು ಸೂರಃ ಅಲ್ ಹುಜುರಾತ್‌ನ 6ನೇ ಸೂಕ್ತದ ತಾತ್ಪರ್ಯ. ಅಲ್ಲಿ ‘ನಮ್ಮವರ ಸುದ್ದಿ’ಗೆ ವಿನಾಯಿತಿ ಇಲ್ಲ.