ಮೊಬೈಲ್ ಹಿಡಿದು ಬದು ಅಳೆಯಬಹುದೇ?

ದೇವನಹಳ್ಳಿಗೆ ಹತ್ತಿರವಿರುವ ನಮ್ಮ ಜಂಗಮಕೋಟೆ ಕಡೆ ಜಮೀನಿನ ಮಾತೆಲ್ಲ ಈಗ ಗುಂಟೆ ಲೆಕ್ಕದಲ್ಲೇ. ಮೊಬೈಲ್ ಹಿಡಿದು ಬದುವಿನ ಮೇಲೆ ಒಂದು ಸುತ್ತು ನಡೆದು, ‘ನಿಮ್ಮದು ಎರಡು ಗುಂಟೆ ಕಡಿಮೆ ಬರ್ತದೆ’ ಎನ್ನುವವರನ್ನು ನಾನು ಹಲವು ಸಲ ನೋಡಿದ್ದೇನೆ. ಸರ್ವೇಯರ್ ತರುವ ರೋವರ್, ಅಂದರೆ ಕೋಲಿನ ತುದಿಗೆ ದುಂಡನೆ ಡಬ್ಬಿ ಕೂರಿಸಿದ ಯಂತ್ರ, ಕೇಳುವುದೂ ಅವೇ ಉಪಗ್ರಹಗಳನ್ನು. ಆದರೂ ಮೊಬೈಲ್ ಮೂರು–ನಾಲ್ಕು ಮೀಟರ್ ತಪ್ಪಬಹುದು, ರೋವರ್ ಎರಡು–ಮೂರು ಸೆಂಟಿಮೀಟರಿನೊಳಗೆ ಹೇಳುತ್ತದೆ. ಯಾಕೆ?

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಸಂಕೇತ ಹೊರಟ ಸಮಯ, ತಲುಪಿದ ಸಮಯ ಗೊತ್ತಾದರೆ ಬೆಳಕಿನ ವೇಗದಿಂದ ಗುಣಿಸಿ ದೂರ ತೆಗೆಯಬಹುದು. ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 300 ಮೀಟರ್ ತಪ್ಪು! ಅದಕ್ಕೇ ನಮ್ಮ ಗಡಿಯಾರದ ತಪ್ಪನ್ನೂ ಒಂದು ಅಜ್ಞಾತವೆಂದು ಸೇರಿಸಿ, ನಾಲ್ಕು ಉಪಗ್ರಹಗಳಿಂದ ನಾಲ್ಕು ಸಮೀಕರಣ ಬಿಡಿಸಬೇಕು.

ಸಾಮಾನ್ಯವಾಗಿ ಮೊಬೈಲ್ ನೆಚ್ಚುವುದು ಸಂಕೇತದಲ್ಲಿರುವ ಸೊನ್ನೆ–ಒಂದುಗಳ ಸರಣಿಯನ್ನು. ಅದರ ಒಂದೊಂದು ತುಣುಕೂ ಸುಮಾರು 293 ಮೀಟರ್ ಉದ್ದ. ಶೇ. 1ರಷ್ಟು ಸೂಕ್ಷ್ಮವಾಗಿ ಹೊಂದಿಸಿದರೂ ಮೂರು ಮೀಟರ್. ರೋವರ್ ಇದರ ಜೊತೆಗೆ ಸರಣಿಯನ್ನು ಹೊತ್ತು ತರುವ ವಾಹಕ ತರಂಗವನ್ನೇ ಅಳೆಯುತ್ತದೆ. ಅದರ ಆವೃತ್ತಿ 1575.42 ಮೆಗಾಹರ್ಟ್ಸ್, ತರಗತಿಯಲ್ಲಿ ಮಾಡುವ ಹಾಗೆ ಭಾಗಿಸಿ ನೋಡಿ, ತರಂಗಾಂತರ 19 ಸೆಂ.ಮೀ. ಇದರ ಶೇ. 1 ಎಂದರೆ ಬರೀ ಎರಡು ಮಿಲಿಮೀಟರ್.

ಒಂದೇ ತೊಡಕು, ಅಲೆಗಳೆಲ್ಲ ಒಂದೇ ಥರ. ಮಿಲಿಮೀಟರ್ ಗೆರೆಗಳು ಸ್ಪಷ್ಟವಾಗಿದ್ದು ಮೀಟರ್ ಅಂಕಿಗಳು ಅಳಿಸಿಹೋದ ಟೇಪಿನಂತೆ. ನಡುವೆ ಹತ್ತು ಕೋಟಿಗೂ ಹೆಚ್ಚು ಅಲೆಗಳಿವೆ, ಎಷ್ಟೆಂದು ಎಣಿಸುವವರು ಯಾರು? ಆ ಎಣಿಕೆ ಪೂರ್ಣಾಂಕವೇ ಆಗಿರಬೇಕು ಎಂಬುದೇ ಯಂತ್ರಕ್ಕಿರುವ ಸುಳಿವು. ಹಲವು ಉಪಗ್ರಹಗಳ, ಎರಡು ಮೂರು ಆವೃತ್ತಿಗಳ ಲೆಕ್ಕ ಒಟ್ಟಿಗಿಟ್ಟರೆ ಹೊಂದದ ಪೂರ್ಣಾಂಕಗಳು ಉದುರಿಹೋಗುತ್ತವೆ. ಉತ್ತರ ಸಿಕ್ಕಾಗ ಪರದೆಯಲ್ಲಿ ‘ಫಿಕ್ಸ್’ ಎಂದು ಬರುತ್ತದೆ; ಅಲ್ಲಿಯವರೆಗೆ ‘ಫ್ಲೋಟ್’.

ಇದಕ್ಕೆ ಇನ್ನೊಂದು ರಿಸೀವರ್ ಜೊತೆಗಿರಲೇಬೇಕು. ಅಯಾನುಗೋಳ ಸಂಕೇತವನ್ನು ತಡಮಾಡಿಸುತ್ತದೆ. ಭೂಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವ ದಕ್ಷಿಣ ಭಾರತದಲ್ಲಿ, ಅದರಲ್ಲೂ ಸಂಜೆಯ ನಂತರ, ಅದರ ಕಾಟ ಹೆಚ್ಚು. ಸ್ಥಾನ ಮೊದಲೇ ಗೊತ್ತಿರುವ ರಿಸೀವರ್ ಹತ್ತಿರದಲ್ಲಿದ್ದರೆ ಅದಕ್ಕೂ ಹೆಚ್ಚುಕಮ್ಮಿ ಅಷ್ಟೇ ತಪ್ಪು ಬರುತ್ತದೆ. ಒಂದರಿಂದ ಒಂದನ್ನು ಕಳೆದರೆ ಮುಗಿಯಿತು. ಸರ್ವೇ ಆಫ್ ಇಂಡಿಯಾ ‘ಕಾರ್ಸ್’ ಎಂಬ ಇಂಥ ಕಾಯಂ ನಿಲ್ದಾಣಗಳನ್ನು ಕರ್ನಾಟಕದಲ್ಲೂ ಸ್ಥಾಪಿಸಿದೆ. ತಿದ್ದುಪಡಿ ಮೊಬೈಲ್ ಇಂಟರ್‌ನೆಟ್ಟಿನಲ್ಲಿ ಬರುತ್ತದೆ. ಆದರೆ ಮಾವಿನ ತೋಪಿನ ಕೆಳಗೆ, ತಗಡಿನ ಶೆಡ್ಡಿನ ಪಕ್ಕದಲ್ಲಿ ಪ್ರತಿಫಲಿಸಿ ಬರುವ ಸಂಕೇತದ ತಪ್ಪು ರೋವರಿನದು ಮಾತ್ರ. ಅದು ಕಳೆದುಹೋಗುವುದಿಲ್ಲ.

ಗುಂಟೆಯೆಂದರೆ 33 ಅಡಿ ಚೌಕ, ಸುಮಾರು 101 ಚದರ ಮೀಟರ್. ನೂರು ಮೀಟರ್ ಉದ್ದದ ಬದು ಮೂರು ಮೀಟರ್ ಸರಿದರೆ ಮೂರು ಗುಂಟೆ ಹೋಯಿತು. ಎರಡು ಸೆಂ.ಮೀ. ಸರಿದರೆ ಒಂದು ಮಂಚ ಹಾಕುವಷ್ಟು ಜಾಗ.

ಇಷ್ಟಾದರೂ ರೋವರಿಗೆ ಗೊತ್ತಿರುವುದು ತಾನು ನಿಂತ ಜಾಗ ಮಾತ್ರ, ಹದ್ದು ಎಲ್ಲಿದೆ ಎಂಬುದಲ್ಲ. ಹದ್ದು ಇರುವುದು ಹಳೆಯ ಟಿಪ್ಪಣಿಯಲ್ಲಿ, ಬಾಂದು ಕಲ್ಲಿನಲ್ಲಿ. ನಮ್ಮ ಪಕ್ಕದ ಹಿಪ್ಪುನೇರಳೆ ತೋಟದ ಅಳತೆಯ ದಿನ ‘ಫಿಕ್ಸ್’ ಬರಲು ಒಂದು ನಿಮಿಷವೂ ಹಿಡಿಯಲಿಲ್ಲ. ಬದುವಿನೊಳಗೆ ಹೂತುಹೋಗಿದ್ದ ಕಲ್ಲನ್ನು ಹಾರೆಯಿಂದ ಅಗೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.