ಮೂರನೇ ಮಹಡಿಯ ನಾಯಿ ಮತ್ತು ಅದರ ಅಂಗಾಲು

ಪುಣೆಯ ಧನಕವಡಿಯಲ್ಲಿ ಲಿಫ್ಟ್ ಇಲ್ಲದ ಮೂರು-ನಾಲ್ಕು ಮಹಡಿಯ ಹಳೆಯ ಸೊಸೈಟಿಗಳು ಇನ್ನೂ ಸಾಕಷ್ಟಿವೆ. ಅಂಥ ಮನೆಗೆ ಎರಡು ತಿಂಗಳ ಪೊಮೆರೇನಿಯನ್ನೋ ಶಿಹ್ ಜೂವೋ ಬಂತೆಂದರೆ ಮೊದಲ ವಾರದಲ್ಲೇ ಮೆಟ್ಟಿಲು ಹತ್ತಿಳಿದು ಸಾಕಾಗುತ್ತದೆ. ಆ ವಯಸ್ಸಿನ ಮರಿ ಎರಡು-ಮೂರು ಗಂಟೆಗಿಂತ ಹೆಚ್ಚು ಹೊತ್ತು ಉಚ್ಚೆ ತಡೆದುಕೊಳ್ಳಲಾರದು. ಎತ್ತಿಕೊಂಡು ಕೆಳಗೆ ಓಡುವಷ್ಟರಲ್ಲಿ ಅಂಗಿ ಒದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾತ್ರಜದ ಗುಡ್ಡಗಳ ಮೇಲೆ ಮೋಡ ಕವಿದು ಕೂತರಂತೂ ಕೆಳಗಿಳಿದ ಪುಟ್ಟ ನಾಯಿಗಳು ನೆನೆಯುತ್ತ ನಿಲ್ಲುತ್ತವೆಯೇ ಹೊರತು ಬಂದ ಕೆಲಸ ಮುಗಿಸುವುದಿಲ್ಲ. ವಾಪಸು ಮನೆಗೆ ಬಂದು, ಸೋಫಾದ ಹಿಂದೆ ಮುಗಿಸುತ್ತವೆ.

ಮರಿಯನ್ನು ಬೀದಿಗಿಳಿಸಬೇಡಿ ಎಂದು ಪಶುವೈದ್ಯರು ಹೇಳಲು ಬೇರೆ ಕಾರಣವೂ ಇದೆ. 1978ರ ಸುಮಾರಿಗೆ ಜಗತ್ತಿನ ನಾಯಿಗಳಲ್ಲಿ ಹಬ್ಬಿದ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ಅದರ ಲಸಿಕೆಯ ಸರಣಿ ಮುಗಿಯುವಾಗ ಮರಿಗೆ ನಾಲ್ಕು ತಿಂಗಳಾಗಿರುತ್ತದೆ. ಮಳೆಗಾಲದ ನಿಂತ ನೀರಿನಲ್ಲಿ ಇಲಿಯ ಮೂತ್ರದಿಂದ ಬರುವ ಲೆಪ್ಟೊಸ್ಪೈರಾ ಇರುತ್ತದೆ. ಮನುಷ್ಯರಿಗೆ ಇಲಿಜ್ವರ ತರುವುದೂ ಇದೇ. ಹಾಗಾಗಿ ಮನೆಯೊಳಗೆ ಒಂದು ಟ್ರೇ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಮನೆಗಳಲ್ಲಿ ಅಜ್ಜಿಯಂದಿರ ತಕರಾರು ಏಳುವುದು ಇಲ್ಲಿಯೇ: ‘ಮನ್ಯಾಗ ನಾಯಿಗೊಂದು ಪಾಯಖಾನೆ ಬ್ಯಾರೆ ಮಾಡೀರೇನು?’ ಅಂಗಳವಿದ್ದ ಊರಿನಿಂದ ಬಂದವರ ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದರೆ ಇಲ್ಲಿ ಅಂಗಳವೆಂದರೆ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯಲು ಬಿಟ್ಟ ಡ್ರೈ ಬಾಲ್ಕನಿ.

ಬೆಕ್ಕಿಗೆ ಟ್ರೇ ಕಲಿಸುವುದು ಸುಲಭ, ನಾಯಿಗೆ ಯಾಕೆ ಕಷ್ಟ? ಬೆಕ್ಕು ಸಡಿಲ ಮಣ್ಣು ಕಂಡರೆ ತಾನೇ ಕೆರೆದು, ಮಾಡಿ, ಮುಚ್ಚುತ್ತದೆ. ಅಮೆರಿಕದ ಎಡ್ ಲೋ 1947ರಲ್ಲಿ ನೀರು ಹೀರುವ ಜೇಡಿಯ ಹರಳನ್ನು ಬೆಕ್ಕಿನ ಪೆಟ್ಟಿಗೆಗೆ ಹಾಕಲು ಮಾರಿದಾಗ ಬೆಕ್ಕುಗಳಿಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. ನಾಯಿ ಮುಚ್ಚುವ ಪ್ರಾಣಿಯಲ್ಲ. ಮುಗಿಸಿದ ಮೇಲೆ ಹಿಂಗಾಲಿನಿಂದ ಮಣ್ಣು ಕೆರೆದು ಚಿಮ್ಮಿಸುತ್ತದಲ್ಲ, ಅದು ಮರೆಮಾಡಲಿಕ್ಕಲ್ಲ, ನಾನಿಲ್ಲಿ ಬಂದಿದ್ದೆ ಎಂದು ಸಾರಲಿಕ್ಕೆ. ಟ್ರೇಯ ಮೇಲೆ ಅದಕ್ಕೆ ಹುಟ್ಟಿನಿಂದ ಪ್ರೀತಿಯಿಲ್ಲ.

ಅದಕ್ಕೆ ಹುಟ್ಟಿನಿಂದ ಬಂದಿರುವುದು ಇನ್ನೊಂದು ಗುಣ, ಮಲಗುವ ಜಾಗವನ್ನು ಕೆಡಿಸದಿರುವುದು. ಮೊದಲ ಮೂರು ವಾರ ಮರಿಗೆ ತಾನಾಗಿ ವಿಸರ್ಜಿಸಲು ಬರುವುದೇ ಇಲ್ಲ. ತಾಯಿ ನೆಕ್ಕಿದರೆ ಮಾತ್ರ ಆಗುತ್ತದೆ, ಆದದ್ದನ್ನು ತಾಯಿಯೇ ನುಂಗಿ ಗೂಡನ್ನು ಶುಚಿಯಾಗಿಡುತ್ತಾಳೆ. ಕಾಲು ಗಟ್ಟಿಯಾದ ಮೇಲೆ ಮರಿ ತೂರಾಡುತ್ತ ಗೂಡಿನಿಂದಾಚೆ ನಡೆದು ಅಲ್ಲಿ ಮುಗಿಸುತ್ತದೆ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಸ್ಕಾಟ್ ಮತ್ತು ಫುಲ್ಲರ್, ಸುಮಾರು ಎಂಟೂವರೆ ವಾರಕ್ಕೆ ಮರಿಗಳು ಗೊತ್ತಾದ ಜಾಗಗಳಿಗೇ ಹೋಗಲು ಶುರುಮಾಡುವುದನ್ನು ಕಂಡರು. ಆ ದಿನಗಳಲ್ಲಿ ಅಂಗಾಲಿಗೆ ಯಾವ ನೆಲ ರೂಢಿಯಾಗುತ್ತದೋ ಜೀವಮಾನವೆಲ್ಲ ಅಂಥದ್ದನ್ನೇ ಹುಡುಕುವ ಒಲವು ನಿಲ್ಲುತ್ತದೆ. ಹುಲ್ಲಾದರೆ ಹುಲ್ಲು, ಸಿಮೆಂಟಾದರೆ ಸಿಮೆಂಟು.

ಟ್ರೇ ಕಲಿಸುವ ವಿದ್ಯೆಯೆಲ್ಲ ಇದರ ಮೇಲೇ ನಿಂತಿದೆ. ಟ್ರೇಯಲ್ಲಿ ಏನು ಹಾಸುತ್ತೇವೆ ಎನ್ನುವುದಕ್ಕಿಂತ, ಹಾಸಿದ್ದು ಮನೆಯಲ್ಲಿ ಬೇರೆಲ್ಲೂ ಇರಬಾರದು ಎನ್ನುವುದು ಮುಖ್ಯ. ರದ್ದಿ ಪೇಪರು ಪುಕ್ಕಟೆ ಸಿಗುತ್ತದೆ ನಿಜ, ಆದರೆ ಪೇಪರಿಗೆ ರೂಢಿಯಾದ ನಾಯಿಗೆ ಭಾನುವಾರ ಬೆಳಿಗ್ಗೆ ಅಪ್ಪ ನೆಲದ ಮೇಲೆ ಹರಡಿಕೊಂಡ ಪುರವಣಿಯೂ ಶೌಚಾಲಯವೇ. ಅಂಗಡಿಯ ಪೀ ಪ್ಯಾಡ್ ಚೆನ್ನಾಗಿ ಹೀರುತ್ತದೆ, ಮಕ್ಕಳ ಡೈಪರಿನಲ್ಲಿರುವ ಸೋಡಿಯಂ ಪಾಲಿಅಕ್ರಿಲೇಟೇ ಅದರಲ್ಲೂ ಇರುವುದು. ಆದರೆ ಅದರ ಮೆತ್ತನೆ ಸ್ಪರ್ಶ ಬಚ್ಚಲ ಬಾಗಿಲ ಕಾಲೊರಸಿನದೂ ಹೌದು. ಬೆಕ್ಕಿನ ಬೆಂಟೊನೈಟ್ ಹರಳು ಬೇಡವೇ ಬೇಡ. ನೀರು ತಾಗಿದರೆ ಉಬ್ಬಿ ಗಟ್ಟಿಯಾಗುವ ಜೇಡಿ ಅದು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮರಿಯ ಕರುಳಿನಲ್ಲಿ ಅದು ಸಿಕ್ಕಿಕೊಂಡೀತು. ಒತ್ತಿದ ಕಾಗದದ ಗುಳಿಗೆ ವಾಸಿ. ನನ್ನ ಮತ ಹುಲ್ಲಿಗೆ, ನಿಜದ್ದಾಗಲಿ ಪ್ಲಾಸ್ಟಿಕ್‌ದಾಗಲಿ. ಮಳೆ ನಿಂತು ಕೆಳಗಿಳಿದ ದಿನ ನಾಯಿಗೆ ಹೊರಗೂ ಅದೇ ಸ್ಪರ್ಶ ಸಿಗುತ್ತದೆ.

ಟ್ರೇ ದೊಡ್ಡದಿರಲಿ, ಕೂರುವ ಮೊದಲು ನಾಯಿ ಸುತ್ತು ಹೊಡೆಯುತ್ತದೆ. ಜರ್ಮನಿ ಮತ್ತು ಜೆಕ್ ದೇಶದ ವಿಜ್ಞಾನಿಗಳು 37 ತಳಿಯ 70 ನಾಯಿಗಳನ್ನು ಎರಡು ವರ್ಷ ಹಿಂಬಾಲಿಸಿ, ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ಅವು ಉತ್ತರ-ದಕ್ಷಿಣಕ್ಕೆ ಮೈ ಹೊಂದಿಸಿ ವಿಸರ್ಜಿಸುತ್ತವೆ ಎಂದು 2013ರ ಕೊನೆಗೆ ವರದಿ ಮಾಡಿದರು. ಮರುವರ್ಷ ಅವರಿಗೆ ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು. ವಾಸ್ತು ನೋಡಿ ಟ್ರೇ ಇಡುವವರು ಇಡಲಿ, ನಾನು ತಡೆಯುವುದಿಲ್ಲ.

ಇನ್ನು ವೇಳೆ. ಹೊಟ್ಟೆ ತುಂಬಿದೊಡನೆ ದೊಡ್ಡ ಕರುಳು ತಾನಾಗಿ ಹಿಂಡತೊಡಗುತ್ತದೆ, ಗ್ಯಾಸ್ಟ್ರೋಕೋಲಿಕ್ ರಿಫ್ಲೆಕ್ಸ್ ಎಂದು ಅದರ ಹೆಸರು. ಮರಿಗಳಲ್ಲಿ ಇದು ಜೋರು. ಉಂಡ ಕಾಲು-ಅರ್ಧ ಗಂಟೆಯೊಳಗೆ ಕರೆ ಬಂದಿರುತ್ತದೆ. ನಿದ್ದೆಯಿಂದೆದ್ದಾಗ, ಆಟ ಮುಗಿದಾಗ ಉಚ್ಚೆಯ ಸರದಿ. ದಿನವಿಡೀ ಬಟ್ಟಲಲ್ಲಿ ಕಾಳು ತುಂಬಿಟ್ಟರೆ ಈ ಗಡಿಯಾರ ಕೆಡುತ್ತದೆ, ಹೊತ್ತಿಗೆ ಸರಿಯಾಗಿ ಹಾಕಿ ಎತ್ತಿಟ್ಟರೆ ನಾಯಿಯ ವೇಳೆ ಮನೆಯವರಿಗೆ ಗೊತ್ತಿರುತ್ತದೆ. ಆ ಹೊತ್ತಿಗೆ ಟ್ರೇಗೆ ಒಯ್ದು, ಸುಮ್ಮನೆ ಪಕ್ಕದಲ್ಲಿ ನಿಲ್ಲಬೇಕು. ಮುಗಿದ ಒಂದೆರಡು ಸೆಕೆಂಡಿನಲ್ಲಿ ತಿಂಡಿ ಕೊಡಬೇಕು. ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು ತರುವಷ್ಟರಲ್ಲಿ ನಾಯಿಯ ಲೆಕ್ಕದಲ್ಲಿ ಅದು ಡಬ್ಬಿಯ ಬಳಿ ಬಂದದ್ದಕ್ಕೆ ಸಿಕ್ಕ ಬಹುಮಾನ. ಹಾಗೆಂದು ಮಧ್ಯದಲ್ಲೇ ಕೊಡಲೂಬಾರದು. ತಿಂಡಿ ಕಂಡ ಮರಿ ಅರ್ಧಕ್ಕೆ ನಿಲ್ಲಿಸಿ ಓಡಿಬರುತ್ತದೆ, ಉಳಿದರ್ಧ ಹಾಲ್‌ನಲ್ಲಿ. ಆನೆಯಿರಲಿ ನಾಯಿಯಿರಲಿ, ಮೂರು ಕಿಲೋ ಮೀರಿದ ಸಸ್ತನಿಗಳು ಮೂತ್ರಕೋಶ ಖಾಲಿಮಾಡಲು ಸರಾಸರಿ 21 ಸೆಕೆಂಡು ತೆಗೆದುಕೊಳ್ಳುತ್ತವೆ ಎಂದು ಜಾರ್ಜಿಯಾ ಟೆಕ್‌ನ ಡೇವಿಡ್ ಹೂ ತಂಡ 2014ರಲ್ಲಿ ಅಳೆದು ತೋರಿಸಿದೆ. ಪುಟ್ಟ ನಾಯಿಗಳು ಈ ಮೂರು ಕಿಲೋ ಗಡಿಯ ಆಚೀಚೆ ಇರುವಂಥವು. ಅಷ್ಟು ಹೊತ್ತು ಸುಮ್ಮನಿರಲು ನಮ್ಮಿಂದಾಗಬೇಕು.

ಮೂಗನ್ನು ಉಚ್ಚೆಗೆ ಒತ್ತಿ ಹೊಡೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ‘ತಪ್ಪು ಮಾಡಿದೆ ಅಂತ ಅದಕ್ಕೆ ಗೊತ್ತು, ಮುಖ ನೋಡಿ’ ಎಂಬ ಸಮರ್ಥನೆ ಬೇರೆ. ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ಎದುರಿಗಿದ್ದ ತಿಂಡಿಯನ್ನು ತಿನ್ನಬೇಡ ಎಂದು ನಾಯಿಗೆ ಹೇಳಿ ಮಾಲೀಕರು ಕೋಣೆಯಿಂದ ಹೊರಹೋದರು. ಮರಳಿದಾಗ ನಾಯಿ ತಿಂಡಿ ತಿಂದಿತೋ ಇಲ್ಲವೋ ಎಂಬ ಬಗ್ಗೆ ಕೆಲವರಿಗೆ ನಿಜ, ಕೆಲವರಿಗೆ ಸುಳ್ಳು ಹೇಳಲಾಯಿತು. ತಿಂದಿದೆ ಎಂದು ನಂಬಿದವರು ನಾಯಿಯನ್ನು ಬೈದರು. ಆ ‘ಅಪರಾಧಿ ಮುಖ’ ಹೆಚ್ಚು ಕಂಡದ್ದು ಬೈಸಿಕೊಂಡ ನಾಯಿಗಳಲ್ಲಿ, ತಿಂದದ್ದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಹೊಡೆತ ತಿಂದ ನಾಯಿ ಕಲಿಯುವುದು ಒಂದೇ, ಮನುಷ್ಯರ ಎದುರು ಮಾಡಬಾರದು. ಆಮೇಲೆ ಟ್ರೇಯ ಪಕ್ಕ ನೀವು ನಿಂತರೆ ಅದು ಕೂರುವುದೇ ಇಲ್ಲ, ಮಂಚದಡಿಗೆ ಹೋಗುತ್ತದೆ.

ಆಚೀಚೆ ಆದದ್ದನ್ನು ಸದ್ದಿಲ್ಲದೆ ಒರೆಸಿ. ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಆದ್ದರಿಂದ ಅಮೋನಿಯಾ ಇರುವ ಕ್ಲೀನರ್ ಹಾಕಿದರೆ ನಾಯಿಗೆ ಅದು ಹಳೆಯ ಗುರುತಿನಂತೆಯೇ ನಾರುತ್ತದೆ. ಫಿನಾಯಿಲ್ ನಮ್ಮ ಮೂಗನ್ನಷ್ಟೇ ವಂಚಿಸುತ್ತದೆ. ಮೂತ್ರದ ಅಂಶಗಳನ್ನು ಕಿಣ್ವಗಳಿಂದ ಒಡೆಯುವ ದ್ರಾವಣ ಬೇಕು. ಒರೆಸಿದ ಪೇಪರಿನ ಒಂದು ತುಂಡನ್ನು ಟ್ರೇಯಲ್ಲಿಟ್ಟರೆ ಜಾಗದ ಗುರುತೂ ಆಯಿತು.

ಗಂಡು ಮರಿ ಬೆಳೆದು ಕಾಲೆತ್ತತೊಡಗಿದರೆ ಟ್ರೇಯ ಹಿಂದಿನ ಗೋಡೆ ಹಾಳು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೆಟ್ಟಿ ಮೆಕ್‌ಗೈರ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕುಳ್ಳ ನಾಯಿಗಳು ದೊಡ್ಡವಕ್ಕಿಂತ ಹೆಚ್ಚು ಓರೆಯಾಗಿ ಕಾಲೆತ್ತುತ್ತವೆ, ಬಹುಶಃ ತಮ್ಮ ಗುರುತು ಎತ್ತರದಲ್ಲಿ ಬೀಳಲೆಂದು. ಪುಟ್ಟ ನಾಯಿಯ ಟ್ರೇಗೆ ಎತ್ತರದ ಬದಿ ಬೇಕಾಗುವುದು ಇದಕ್ಕೇ. ಬಳಸಿದ ಪ್ಯಾಡನ್ನು ಒಣಕಸಕ್ಕೆ ಹಾಕಬೇಡಿ. ಪುಣೆಯಲ್ಲಿ ಸ್ವಚ್ಛ್ ಸಹಕಾರಿಯ ಹೆಂಗಸರು ಮನೆಮನೆಗೆ ಬಂದು ಕಸ ಒಯ್ದು ಕೈಯಲ್ಲೇ ಬೇರ್ಪಡಿಸುತ್ತಾರೆ. ಡೈಪರ್, ಸ್ಯಾನಿಟರಿ ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟು ಕೊಡಿ ಎಂದು ಅವರು ಕೇಳಿಕೊಂಡಿದ್ದಾರೆ. ನಾಯಿಯ ಪ್ಯಾಡಿಗೂ ಆ ಚುಕ್ಕೆ ಸಲ್ಲುತ್ತದೆ.

ಟ್ರೇಯಿಂದ ಇನ್ನೊಂದು ಲಾಭವಿದೆ. ಬೀದಿಯ ಮಣ್ಣಿನಲ್ಲಿ ಇಂಗಿಹೋಗುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಶಿಹ್ ಜೂವಿನಂಥ ಪುಟ್ಟ ತಳಿಗಳಿಗೆ ಮೂತ್ರಕೋಶದ ಕಲ್ಲಿನ ಕಾಟ ಹೆಚ್ಚು. ಚೆನ್ನಾಗಿ ಕಲಿತ ನಾಯಿ ಏಕಾಏಕಿ ಟ್ರೇ ಬಿಟ್ಟು ಆಚೀಚೆ ಹನಿಸತೊಡಗಿದರೆ, ಮತ್ತೆ ಮತ್ತೆ ಕೂತು ಏಳುತ್ತಿದ್ದರೆ, ಪ್ಯಾಡಿನ ಮೇಲೆ ಗುಲಾಬಿ ಛಾಯೆ ಕಂಡರೆ ಪುನಃ ಪಾಠ ಶುರುಮಾಡಬೇಡಿ. ಹೊಸ ಮೂತ್ರವನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿದು ಅದೇ ದಿನ ಪಶುವೈದ್ಯರ ಬಳಿ ಹೋಗಿ. ಗಂಡು ನಾಯಿ ತಿಣುಕಿದರೂ ಒಂದು ಹನಿ ಬರದಿದ್ದರೆ ಡಬ್ಬಿ ಹುಡುಕುತ್ತ ಕೂರುವಷ್ಟೂ ಸಮಯವಿಲ್ಲ, ರಾತ್ರಿಯಾದರೂ ಹೊರಡಬೇಕು.