ಹರಿವ ನೀರಿನ ಘಾಟು

ಜಪಾನಿನ ಶಿಜುವೊಕಾ ಪ್ರಾಂತ್ಯದ ಅಮಾಗಿ ಬೆಟ್ಟಸಾಲು. ಕಣಿವೆಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿದ ಗದ್ದೆಗಳು. ದೂರದಿಂದ ನೋಡಿದರೆ ಭತ್ತದ ಗದ್ದೆಗಳೇ. ಹತ್ತಿರ ಹೋದರೆ ಕೆಸರಿನ ಸುಳಿವಿಲ್ಲ. ಮರಳು, ಜಲ್ಲಿಯ ಮೇಲೆ ತಿಳಿನೀರು ತೆಳ್ಳಗೆ ಜಾರುತ್ತಿದೆ. ಮರಗಳ ನೆರಳಿನಲ್ಲಿ ಹೃದಯದಾಕಾರದ ಅಗಲ ಎಲೆಗಳು ಒತ್ತೊತ್ತಾಗಿ ಅಲುಗುತ್ತಿವೆ. ಇದೇ ವಸಾಬಿ. ವಸಂತದಲ್ಲಿ ಬಂದರೆ ನಾಲ್ಕೆಸಳಿನ ಪುಟ್ಟ ಬಿಳಿ ಹೂಗಳನ್ನೂ ಕಾಣಬಹುದು. ಆ ನಾಲ್ಕೆಸಳು ಗಿಡದ ಕುಲವನ್ನು ಹೇಳಿಬಿಡುತ್ತವೆ: ಇದು ನಮ್ಮ ಸಾಸಿವೆ, ಮೂಲಂಗಿ, ಎಲೆಕೋಸುಗಳ ಬಂಧು.

ಗದ್ದೆಯ ಅಡಿಯಲ್ಲಿ ದೊಡ್ಡ ಬಂಡೆಗಳು, ಅವುಗಳ ಮೇಲೆ ಸಣ್ಣ ಕಲ್ಲು, ಆಮೇಲೆ ಜಲ್ಲಿ, ಮರಳು. ಚಿಲುಮೆಯ ನೀರು ಈ ಪದರಗಳಲ್ಲಿ ಸೋಸಿಕೊಂಡು ಕೆಳಗಿನ ಗದ್ದೆಗೆ ಇಳಿಯುತ್ತದೆ. ವರ್ಷವಿಡೀ ಅದು ತಣ್ಣಗಿರಬೇಕು, ನಿಲ್ಲದೆ ಹರಿಯುತ್ತಿರಬೇಕು. ಅದಕ್ಕೆ ಕಾರಣವುಂಟು. ವಸಾಬಿ ಒಸರುವ ಕಟುದ್ರವ್ಯ ಬುಡದಲ್ಲೇ ಉಳಿದರೆ ಗಿಡದ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ. ಹರಿವ ನೀರು ಅದನ್ನು ತೊಳೆದೊಯ್ಯುವುದರಿಂದ ಕಾಂಡ ದಪ್ಪವಾಗುತ್ತದೆ. ಕೊಯ್ಲಿಗೆ ಬರಲು ಒಂದೂವರೆ ಎರಡು ವರ್ಷ ಕಾಯಬೇಕು.

ವಸಾಬಿ ಕೃಷಿಯ ತವರು ಅದೇ ಪ್ರಾಂತ್ಯದ ಉತೊಗಿ ಎಂಬ ಬೆಟ್ಟದೂರು. ಸುಮಾರು 400 ವರ್ಷಗಳ ಹಿಂದೆ ಕಾಡಿನ ಗಿಡವನ್ನು ಅಲ್ಲಿ ನೆಟ್ಟು ಬೆಳೆಸಿದರು. ಜಪಾನನ್ನು ಆಳಿದ ತೊಕುಗಾವ ಇಯೆಯಾಸು ಅದರ ರುಚಿಗೆ ಮಾರುಹೋದನೆಂದೂ, ಎಲೆ ತನ್ನ ಮನೆತನದ ಲಾಂಛನವನ್ನು ಹೋಲುತ್ತದೆಂದು ಹಿಗ್ಗಿ ಸಸಿಗಳು ಊರಾಚೆ ಹೋಗದಂತೆ ಕಟ್ಟಪ್ಪಣೆ ಮಾಡಿದನೆಂದೂ ಅಲ್ಲಿನವರು ಹೇಳುತ್ತಾರೆ. ಅಣಬೆ ಬೇಸಾಯ ಕಲಿಸಲು ಉತೊಗಿಗೆ ಹೋಗಿದ್ದ ಇತಗಾಕಿ ಕಾನ್‌ಶಿರೊ 1744ರಲ್ಲಿ ಅಮಾಗಿಗೆ ಸಸಿ ತಂದನೆಂಬುದು ಇಲ್ಲಿಯ ನೆನಪು.

ಈಗ ಅಡುಗೆಮನೆಗೆ ಬನ್ನಿ. ಮೈತುಂಬ ಗಂಟುಗಳಿರುವ ಹಸಿರು ತುಂಡು ಬೇರಿನಂತೆ ಕಂಡರೂ ಕಾಂಡ. ಉದುರಿದ ಎಲೆಗಳ ಕಲೆಗಳೇ ಆ ಗಂಟುಗಳು. ಶಾರ್ಕ್ ಮೀನಿನ ಒರಟು ಚರ್ಮ ಅಂಟಿಸಿದ ಹಲಗೆಯ ಮೇಲೆ ಬಾಣಸಿಗ ಅದನ್ನು ಮೆಲ್ಲಗೆ, ಸುತ್ತು ಸುತ್ತಾಗಿ ತೇಯುತ್ತಾನೆ, ಗಂಧದ ಕೊರಡು ತೇಯ್ದ ಹಾಗೆ. ಇಡಿಯಾಗಿದ್ದಾಗ ಕಾಂಡಕ್ಕೆ ಘಾಟಿಲ್ಲ. ತೇಯ್ದಾಗ ಜೀವಕೋಶಗಳು ಒಡೆದು, ಬೇರೆ ಬೇರೆಯಾಗಿದ್ದ ಸಿನಿಗ್ರಿನ್ ಎಂಬ ಸಂಯುಕ್ತ ಮತ್ತು ಮೈರೋಸಿನೇಸ್ ಎಂಬ ಕಿಣ್ವ ಕೂಡುತ್ತವೆ. ಅಲೈಲ್ ಐಸೋಥಯೋಸಯನೇಟ್ ಹುಟ್ಟುತ್ತದೆ. ಹಸಿ ಸಾಸಿವೆ ಅರೆದಾಗ ನೆತ್ತಿಗೇರುವುದೂ ಇದೇ ವಸ್ತು. ಮೆಣಸಿನಕಾಯಿಯ ಖಾರ ನಾಲಿಗೆಯಲ್ಲಿ ಕೂತು ಉರಿಸಿದರೆ, ಇದು ಆವಿಯಾಗಿ ಮೂಗಿಗೆ ಅಡರಿ, ಕಣ್ಣು ತುಂಬಿಸಿ, ಕ್ಷಣದಲ್ಲಿ ಇಳಿದುಹೋಗುತ್ತದೆ. ತೇಯ್ದ ಮುದ್ದೆಯೂ ಅಷ್ಟೇ. ಕಾಲು ಗಂಟೆಯಲ್ಲಿ ಸಪ್ಪೆಯಾಗತೊಡಗುತ್ತದೆ. ಅದಕ್ಕೇ ತಿನ್ನುವ ಹೊತ್ತಿಗೆ ಸರಿಯಾಗಿ ತೇಯುತ್ತಾರೆ.

ಲೋಕದ ಬಹುಪಾಲು ಸುಶಿ ತಟ್ಟೆಗಳಲ್ಲಿ ಕಾಣುವ ಕಡುಹಸಿರು ಮುದ್ದೆ ಇದಲ್ಲ. ಅದು ಹಾರ್ಸ್‌ರ‍್ಯಾಡಿಷ್ ಎಂಬ ಬಿಳಿ ಗೆಡ್ಡೆಯ ಪುಡಿಗೆ ಸಾಸಿವೆ, ಹಸಿರು ಬಣ್ಣ ಬೆರೆಸಿದ್ದು. ನಿಜವಾದ ವಸಾಬಿಯ ಹಸಿರು ತಿಳಿ. ಘಾಟಿನ ಹಿಂದೆಯೇ ಒಂದು ಸಿಹಿ, ಎಳೆ ಹುಲ್ಲಿನ ಪರಿಮಳ ಬರುತ್ತದೆ.

ಶಿಜುವೊಕಾದ ಈ ಸಾಂಪ್ರದಾಯಿಕ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಆ ಗೌರವದಲ್ಲಿ ಗಿಡದಷ್ಟೇ ಪಾಲು ನೀರಿಗೂ ಸಲ್ಲಬೇಕು. ಮೇಲಿನ ಕಾಡು ಉಳಿದರೆ ಚಿಲುಮೆ, ಚಿಲುಮೆ ಉಳಿದರೆ ವಸಾಬಿ.